ಪುಸ್ತಕ ಎಲ್ಲಿ ಸಿಕ್ಕಿಕೊಂಡಿದೆ? ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಆಡಿದ ಒಂದು ಮಾತು ರಾತ್ರಿಯೆಲ್ಲ ನನ್ನ ತಲೆಯಲ್ಲೇ ಕೂತಿತ್ತು. "ಅಮ್ಮಾ, ನನಗೆ ಹೊಸದೇನೂ ಹೊಳೆಯೋದೇ ಇಲ್ಲ. ನಾನು ಆ ಥರದವಳಲ್ಲ ಬಿಡು" ಅಂದೆ. ನಿಮ್ಮ ಲೈಬ್ರರಿಯ ಮಕ್ಕಳ ವಿಭಾಗಕ್ಕೆ ಪುಸ್ತಕಗಳು ಸರಿಯಾಗಿ ವಾಪಸ್ ಬರುತ್ತಿಲ್ಲ. ಮೂರು ಮೀಟಿಂಗ್ ಆಯಿತು, ದಂಡ ಜಾಸ್ತಿ ಮಾಡೋಣ ಅನ್ನುವುದು ಬಿಟ್ಟರೆ ಬೇರೆ ಮಾತೇ ಬಂದಿಲ್ಲ. ಈಗ ಆ ಹೊಣೆ ನಿನ್ನ ಹೆಗಲಿಗೆ ಬಿದ್ದಿದೆ.

ಪುಸ್ತಕದ ವಿಷಯ ಹಾಗಿರಲಿ, ಐಡಿಯಾ ಹೊಳೆಯುವವರ ಜಾತಿಯೇ ಬೇರೆ ಅಂತ ನೀನು ನಂಬಿಬಿಟ್ಟಿದ್ದೀಯಲ್ಲ, ಅದು ನನಗೆ ಬೇಜಾರು. ಹಾಗೇನಿಲ್ಲ ಕಣೇ. ಯಾರೋ ಬರೆದುಕೊಟ್ಟ ಪ್ರಶ್ನೆಯನ್ನು ಇದ್ದ ಹಾಗೇ ತೆಗೆದುಕೊಂಡು ಉತ್ತರ ಹುಡುಕುತ್ತಾ ಕೂತಿದ್ದೀಯ. ಅಷ್ಟೇ ಆಗಿರುವುದು.

ಕಾರ್ಲ್ ಡಂಕರ್ ಅಂತ ಒಬ್ಬ ಜರ್ಮನ್ ಮನಶ್ಶಾಸ್ತ್ರಜ್ಞ ಇದ್ದರು. ಅವರು ಜನರಿಗೆ ಒಂದು ಮೇಣದ ಬತ್ತಿ, ಬೆಂಕಿಪೊಟ್ಟಣ, ಒಂದು ಡಬ್ಬಿ ತುಂಬ ಡ್ರಾಯಿಂಗ್ ಪಿನ್ ಕೊಟ್ಟು, ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಅನ್ನುತ್ತಿದ್ದರು. ಕೆಲವರು ಬತ್ತಿಗೇ ಪಿನ್ ಚುಚ್ಚಿದರು. ಕೆಲವರು ಮೇಣ ಕರಗಿಸಿ ಅಂಟಿಸಲು ನೋಡಿದರು. ಉತ್ತರ ಇದ್ದದ್ದು ಡಬ್ಬಿಯಲ್ಲಿ. ಪಿನ್ನುಗಳನ್ನು ಸುರಿದು, ಖಾಲಿ ಡಬ್ಬಿಯನ್ನು ಗೋಡೆಗೆ ಚುಚ್ಚಿ, ಅದರ ಮೇಲೆ ಬತ್ತಿ ಇಟ್ಟರೆ ಮುಗಿಯಿತು. ನನಗೆ ತುಂಬ ಇಷ್ಟವಾದದ್ದು ಇದರ ಮುಂದಿನ ಭಾಗ. ಪಿನ್ನುಗಳನ್ನು ಮೊದಲೇ ಹೊರಗೆ ಹಾಕಿ, ಖಾಲಿ ಡಬ್ಬಿ ಪಕ್ಕದಲ್ಲಿಟ್ಟು ಕೊಟ್ಟಾಗ ಉತ್ತರ ಕಂಡವರು ಜಾಸ್ತಿಯಾದರು. ತುಂಬಿದ್ದಾಗ ಅದು ಪಿನ್ ಇಡುವ ಡಬ್ಬಿ. ಖಾಲಿಯಾದಾಗ ಏನು ಬೇಕಾದರೂ ಆಗಬಹುದು.

ನಿಮ್ಮ ಮೀಟಿಂಗಿನಲ್ಲೂ ಇಂಥ ತುಂಬಿದ ಡಬ್ಬಿ ಒಂದಿದೆ. "ಮಕ್ಕಳು ಪುಸ್ತಕ ವಾಪಸ್ ತರೋ ಹಾಗೆ ಮಾಡೋದು ಹೇಗೆ?" ಅಂತ ಬರೆದುಕೊಂಡಿದ್ದೀರಿ. ಹಾಗೆ ಬರೆದ ಕೂಡಲೇ ತಪ್ಪೆಲ್ಲ ಮಕ್ಕಳದ್ದಾಯಿತು. ಇನ್ನು ಹೊಳೆಯುವುದು ಹೆದರಿಸುವುದು, ಇಲ್ಲವೇ ನೆನಪಿಸುವುದು, ಎರಡೇ. ಅದೇ ಪ್ರಶ್ನೆಯನ್ನು "ಪುಸ್ತಕ ಎಲ್ಲಿ ಸಿಕ್ಕಿಕೊಂಡಿದೆ?" ಅಂತ ಬರೆದು ನೋಡು. ಮಂಚದ ಕೆಳಗಾ? ಸ್ಕೂಲ್ ಬ್ಯಾಗಿನ ತಳದಲ್ಲಾ? ಗೆಳತಿಯ ಮನೆಯಲ್ಲಾ? ಅಥವಾ ಮಗು ಓದಿ ಮುಗಿಸಿದೆ, ಕರೆದುಕೊಂಡು ಬರುವವರಿಗೆ ಪುರುಸೊತ್ತಿಲ್ಲವಾ? ಒಂದೊಂದಕ್ಕೂ ಬೇರೆಯದೇ ದಾರಿ ಇದೆ, ಅಲ್ವಾ? ಹೀಗೆ ಪ್ರಶ್ನೆಯನ್ನೇ ಹತ್ತು ಥರ ಬರೆದುಕೋ. ಉತ್ತರದ ಯೋಚನೆ ಆಮೇಲೆ.

ನಿನಗೆ ಸುಮ್ನೆ ಹೇಳಿದರೆ ಸಾಲದು ಅಂತ ನಿನ್ನೆ ರಾತ್ರಿ ನಾನೇ ಕೂತೆ. ಒಂದು ಹಾಳೆ, ಒಂದು ಪೆನ್ನು, ಎದುರಿಗೆ ಗಡಿಯಾರ. ಇಪ್ಪತ್ತು ನಿಮಿಷ, ಇಪ್ಪತ್ತು ಐಡಿಯಾ, ಯಾವುದನ್ನೂ ಹೊಡೆದುಹಾಕುವ ಹಾಗಿಲ್ಲ. ಮೊದಲ ಏಳು ಸರಸರ ಬಂದವು: ಮೆಸೇಜ್ ಕಳಿಸುವುದು, ಫೋನ್ ಮಾಡುವುದು, ದಂಡ, ಕಾರ್ಡ್ ರದ್ದು, ನೋಟಿಸು, ಪೋಸ್ಟರು, ಬಹುಮಾನ. ಇವು ಯಾರಿಗೆ ಬೇಕಾದರೂ ಬರುವಂಥವು. ಎಂಟನೆಯದಕ್ಕೆ ಪೆನ್ನು ನಿಂತಿತು. ಪೂರ್ತಿ ಮೂರು ನಿಮಿಷ ಏನೂ ಇಲ್ಲ. ಎದ್ದುಬಿಡೋಣ ಅನ್ನಿಸಿತು. ಎಲ್ಲರೂ ಏಳುವುದು ಅಲ್ಲಿಯೇ ಅಂತ ಕಾಣುತ್ತದೆ. ಕನ್ನಡಕ ಒರೆಸಿಕೊಂಡು ಮತ್ತೆ ಕೂತೆ. ಹನ್ನೊಂದನೆಯದು, ಶಾಲೆಯಲ್ಲೇ ಒಂದು ವಾಪಸಾತಿ ಪೆಟ್ಟಿಗೆ ಇಡುವುದು. ಹದಿನಾಲ್ಕನೆಯದು, ಪುಸ್ತಕದೊಳಗೆ ಒಂದು ಚೀಟಿ: "ಇದನ್ನು ಓದಲು ಇನ್ನೊಂದು ಮಗು ಕಾಯುತ್ತಿದೆ." ಹತ್ತೊಂಬತ್ತನೆಯದನ್ನು ಬರೆಯುವಾಗ ನನಗೇ ಆಶ್ಚರ್ಯ: ಪುಸ್ತಕ ವಾಪಸ್ ಬರಲೇಬೇಕಾ? ಓದಿದ ಮಗು ನೇರವಾಗಿ ಗೆಳತಿಗೆ ಕೊಟ್ಟು, ಕೊಟ್ಟೆ ಅಂತ ನಿಮಗೆ ತಿಳಿಸಿದರೆ ಸಾಲದಾ? ಆಗುತ್ತದೋ ಇಲ್ಲವೋ ನೀನೇ ನೋಡು. ಎಂಟನೆಯದಕ್ಕೇ ಎದ್ದಿದ್ದರೆ ಇದಂತೂ ಬರುತ್ತಿರಲಿಲ್ಲ.

ಇನ್ನೊಂದು ಉಪಾಯವಿದೆ. ನನಗೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ ಇದರ ಮೇಲೆ. ಪ್ರಶ್ನೆಯನ್ನು ತಲೆಕೆಳಗು ಮಾಡು. "ಒಂದೇ ಒಂದು ಪುಸ್ತಕವೂ ವಾಪಸ್ ಬರಬಾರದು ಅಂದ್ರೆ ಏನು ಮಾಡಬೇಕು?" ಮಕ್ಕಳು ಶಾಲೆಯಲ್ಲಿರುವ ಹೊತ್ತಿಗೆ ಮಾತ್ರ ಬಾಗಿಲು ತೆರೆದಿರಬೇಕು. ವಾಪಸ್ ತರಬೇಕಾದ ದಿನಾಂಕವನ್ನು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒತ್ತಬೇಕು. ತಡವಾಗಿ ತಂದ ಮಗುವನ್ನು ಎಲ್ಲರೆದುರು ಗದರಬೇಕು. ದಂಡ ದಿನಾ ಏರುತ್ತಾ ಹೋಗಿ, ಲೈಬ್ರರಿ ಕಡೆ ತಲೆ ಹಾಕಲೂ ಹೆದರಿಕೆಯಾಗಬೇಕು. ಈ ಪಟ್ಟಿ ಬರೆಯುವುದು ಸುಲಭ. ಬರೆದ ಮೇಲೆ, ಇದರಲ್ಲಿ ನೀವು ಈಗಾಗಲೇ ಮಾಡುತ್ತಿರುವುದು ಎಷ್ಟು ಅಂತ ಎಣಿಸು. ನಿನಗೆ ಕೆಲಸ ಅಲ್ಲೇ ಸಿಗುತ್ತದೆ.

ಹಾಗೆ ಎಣಿಸಿದಾಗ, ಇರುವುದನ್ನು ತೆಗೆದುಹಾಕುವುದರ ಕಡೆಗೂ ಗಮನ ಹೋಗುತ್ತದೆ. ನಮಗೆಲ್ಲ ಸೇರಿಸುವ ಚಟ. ತೊಂದರೆ ಅಂದರೆ ಇನ್ನೊಂದು ನಿಯಮ, ಇನ್ನೊಂದು ಫಾರಂ. 2021ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು ಇದನ್ನು ಲೆಗೊ ಅನ್ನುವ ಆಟಿಕೆ ಇಟ್ಟಿಗೆಗಳಿಂದ ತೋರಿಸಿದರು. ಮೂಲೆಯಲ್ಲಿ ಒಂದೇ ಇಟ್ಟಿಗೆಯ ಮೇಲೆ ನಿಂತ ಚಾವಣಿ, ಅದನ್ನು ಭದ್ರ ಮಾಡಬೇಕು. ಆ ಒಂದು ಇಟ್ಟಿಗೆಯನ್ನು ತೆಗೆದರೆ ಸಾಕು, ಚಾವಣಿ ಕೆಳಗಿನ ಸಾಲಿನ ಮೇಲೆ ಸಪಾಟಾಗಿ ಕೂರುತ್ತದೆ. ಆದರೂ ಬಹಳ ಜನ ಇಟ್ಟಿಗೆ ಸೇರಿಸುತ್ತಲೇ ಹೋದರು. ತೆಗೆಯುವುದಕ್ಕೆ ಖರ್ಚಿಲ್ಲ ಅಂತ ಒಂದು ಮಾತು ನೆನಪಿಸಿದಾಗ ತೆಗೆದವರು ಜಾಸ್ತಿಯಾದರು. ನಮಗೆ ಆ ಕಡೆ ಗಮನವೇ ಹೋಗಿರುವುದಿಲ್ಲ, ಅಷ್ಟೇ.

ನಿನ್ನ ಕೆಲಸಕ್ಕೆ ಹತ್ತಿರದ ಉದಾಹರಣೆಯೇ ಇದೆ. 2019ರ ಅಕ್ಟೋಬರ್‌ನಲ್ಲಿ ಶಿಕಾಗೊ ನಗರದ ಸಾರ್ವಜನಿಕ ಗ್ರಂಥಾಲಯ ತಡವಾದ ಪುಸ್ತಕಗಳ ದಂಡವನ್ನೇ ತೆಗೆದುಹಾಕಿತು. ಹಳೆಯ ಬಾಕಿಯನ್ನೂ ಮನ್ನಾ ಮಾಡಿತು. ಮುಂದಿನ ವಾರಗಳಲ್ಲಿ ವಾಪಸ್ ಬಂದ ಪುಸ್ತಕಗಳು ಎದ್ದು ಕಾಣುವಷ್ಟು ಜಾಸ್ತಿಯಾದವು. ದಂಡಕ್ಕೆ ಹೆದರಿ ಮನೆಯಲ್ಲೇ ಇಟ್ಟುಕೊಂಡಿದ್ದವರು ತಂದುಕೊಟ್ಟರು. ನಿಮ್ಮಲ್ಲೂ ಹೀಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಮೂರು ಮೀಟಿಂಗಿನಲ್ಲಿ ದಂಡ ಎಷ್ಟಿರಬೇಕು ಅಂತ ಮಾತಾಡಿದ್ದೀರಿ. ಇರಬೇಕಾ ಅಂತ ಒಮ್ಮೆಯಾದರೂ ಕೇಳಿಕೊಂಡಿರಾ?

ಈಗ ಮೀಟಿಂಗಿನ ಮಾತು. ಎಲ್ಲರೂ ಕೂತು ತೋಚಿದ್ದನ್ನೆಲ್ಲ ಹೇಳುವ ಪದ್ಧತಿಯನ್ನು ಬೆಳೆಸಿದವರು ಅಲೆಕ್ಸ್ ಆಸ್ಬರ್ನ್ ಅಂತ, ಜಾಹೀರಾತು ಕಂಪನಿಯವರು. ಆಗ ಯಾರೂ ಟೀಕೆ ಮಾಡಬಾರದು ಅನ್ನುವುದು ಅವರ ನಿಯಮ. ಅದು ಚಿನ್ನದಂಥ ನಿಯಮ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ಜನರ ಗುಂಪನ್ನೂ ಒಬ್ಬೊಬ್ಬರೇ ಕೂತ ನಾಲ್ವರನ್ನೂ ಹೋಲಿಸಿ ನೋಡಿದಾಗ, ಒಬ್ಬೊಬ್ಬರೇ ಕೂತವರ ಐಡಿಯಾಗಳನ್ನು ಕೂಡಿಸಿದರೆ ಅವೇ ಜಾಸ್ತಿ ಇದ್ದವು. ಗುಂಪಿನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಕಾಯುವಷ್ಟರಲ್ಲಿ ತಲೆಯಲ್ಲಿದ್ದದ್ದು ಹಾರಿಹೋಗುತ್ತದೆ. ಅದಕ್ಕೇ ಮೀಟಿಂಗಿನ ಮೊದಲ ಹತ್ತು ನಿಮಿಷ ಯಾರೂ ಮಾತಾಡದೆ, ಹೆಸರು ಹಾಕದೆ ಚೀಟಿಯಲ್ಲಿ ಬರೆಯಿರಿ. ಆಮೇಲೆ ಚೀಟಿಗಳನ್ನು ಅದಲು ಬದಲು ಮಾಡಿಕೊಂಡು, ಕೈಗೆ ಬಂದದ್ದರ ಕೆಳಗೆ ಇನ್ನೊಂದು ಸಾಲು ಸೇರಿಸಿ.

ಹೆಸರು ಬೇಡ ಅನ್ನುವುದಕ್ಕೆ ಕಾರಣವಿದೆ. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ. ನಾನು ಕೆಲಸದಲ್ಲಿದ್ದಾಗ, ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ ಮೀಟಿಂಗಿನಲ್ಲಿ ಎದ್ದು ನಿಂತು ಏನೋ ಒಂದು ದಾರಿ ಹೇಳಿದಳು. "ಆಗೋ ಮಾತಾ ಇದು?" ಅಂದುಬಿಟ್ಟೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನೋಟ್‌ಬುಕ್ ಮುಚ್ಚಿ, ಪೆನ್ನಿನ ಕ್ಯಾಪ್ ಹಾಕಿ, ಕೈ ಕಟ್ಟಿ ಕೂತಳು. ಆ ಪೆನ್ನಿನ ಕ್ಯಾಪ್ ಟಕ್ ಅಂದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಆಮೇಲೆ ಎರಡು ವರ್ಷ ಅವಳು ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ. ಅವಳು ಹೇಳಿದ್ದು ಆಗುತ್ತಿತ್ತೋ ಇಲ್ಲವೋ, ನಾನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ನೀನು ನಿನ್ನ ಕೈಕೆಳಗಿನವರಿಗೆ ಹೀಗೆ ಮಾಡಬೇಡ. ನಿನಗೆ ನೀನೂ ಮಾಡಿಕೊಳ್ಳಬೇಡ. "ನಾನು ಆ ಥರದವಳಲ್ಲ" ಅನ್ನುವುದೂ ಅದೇ ಮಾತು ಕಣೇ.

ಎಲ್ಲ ಮಾಡಿಯೂ ಏನೂ ತೋಚದಿದ್ದರೆ ಬಿಟ್ಟು ಎದ್ದು ಒಂದು ಸುತ್ತು ನಡೆದು ಬಾ. ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆಗೆ ಒಂದು ದೊಡ್ಡ ಲೆಕ್ಕದ ಹೊಳಹು ಸಿಕ್ಕಿದ್ದು ಪ್ರವಾಸದಲ್ಲಿ, ಗಾಡಿಯ ಮೆಟ್ಟಿಲಿಗೆ ಕಾಲಿಟ್ಟಾಗ. ಆದರೆ ಅದಕ್ಕೆ ಮುಂಚೆ ದಿನಗಟ್ಟಲೆ ಮೇಜಿನ ಮುಂದೆ ಕೂತು ಒದ್ದಾಡಿದ್ದರು. ಆ ಒದ್ದಾಟ ಇಲ್ಲದೆ ಬರೀ ನಡೆದರೆ ಕಾಲಿಗೆ ವ್ಯಾಯಾಮ, ಅಷ್ಟೇ.

ಆರಿಸುವ ಕೆಲಸವನ್ನು ಅದೇ ದಿನ ಮಾಡಬೇಡ. ಒಂದು ರಾತ್ರಿ ಬಿಟ್ಟು ನೋಡು. ಎರಡು ಆರಿಸಿ, ಒಂದೇ ಒಂದು ಕಪಾಟಿನ ಪುಸ್ತಕಗಳ ಮೇಲೆ ಒಂದು ತಿಂಗಳು ಮಾಡಿ ನೋಡು. ಎಷ್ಟು ಹೋಯಿತು, ಎಷ್ಟು ಬಂತು ಅಂತ ಬರೆದಿಡು.

ಭಾನುವಾರ ಫೋನ್ ಮಾಡು. ನಿನ್ನ ಪಟ್ಟಿಯನ್ನು ಎಂಟನೆಯದರಿಂದ ಓದು. ಮೊದಲ ಏಳು ನನ್ನ ಹತ್ತಿರವೂ ಇವೆ.

ನಿನ್ನ ಅಮ್ಮ