ತಿಕ್ಕಿದ್ದು ಸಾಕು, ಕೈ ತೆಗೆಯಿರಿ

ಮಾನ್ಯ ಸಂಪಾದಕರೇ,

ವಸ್ತುಸಂಗ್ರಹಾಲಯದ ಹಳೆಯ ಹಿತ್ತಾಳೆ ಯಂತ್ರಕ್ಕೆ ಹೊಸ ಕಳೆ ಬಂದಿದೆ ಎಂದು ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬಂತಲ್ಲ, ಅದನ್ನು ಓದಿ ನನಗೆ ಬೆಳಗಿನ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಯಾವ ವಸ್ತುಸಂಗ್ರಹಾಲಯ ಅಂತ ಮತ್ತೆ ಬರೆಯುವುದಿಲ್ಲ, ಓದಿದವರಿಗೆ ಗೊತ್ತೇ ಇದೆ. ದೊಡ್ಡ ಸಾಹೇಬರು ಬರುತ್ತಾರೆಂದು ಹುಣಸೆಹುಳಿ, ಉಪ್ಪು, ಇಟ್ಟಿಗೆ ಪುಡಿ ಹಾಕಿ ತಿಕ್ಕಿಸಿದರಂತೆ. ಪಂಚಮಿ ಹಬ್ಬಕ್ಕೆ ನೀರಿನ ಕೊಡ ತಿಕ್ಕಿದ ಹಾಗೆ! ಅದನ್ನು ನೀವು ಬೇರೆ ಸ್ವಚ್ಛತಾ ಅಭಿಯಾನ ಅಂತ ಹೊಗಳಿದ್ದೀರಿ.

ಕಣ್ಣಾರೆ ನೋಡೋಣ ಅಂತ ಪಿಯುಸಿ ಓದುವ ತಮ್ಮನ ಮಗನನ್ನು ಕರೆದುಕೊಂಡು ಬೀದರ್‌ನಿಂದ ಬಸ್ ಹತ್ತಿದೆ. ಬಸ್ಸಿನಲ್ಲಿ ಸೀಟಿಲ್ಲ, ಹೊರಗೆ ರಣಬಿಸಿಲು. ಟಿಕೆಟ್ ಕೌಂಟರ್‌ನಲ್ಲಿ ಚಿಲ್ಲರೆ ಇಲ್ಲ. ಫೋನ್‌ನಲ್ಲಿ ಕೊಡ್ತೀನಿ ಅಂದರೆ ಸ್ಕ್ಯಾನರ್ ಕೆಟ್ಟಿದೆ. ಒಳಗೆ ಫ್ಯಾನ್ ಇದೆ, ತಿರುಗುವುದಿಲ್ಲ. ಕುಡಿಯುವ ನೀರಿನ ಯಂತ್ರದ ಮೇಲೆ ಉದ್ಘಾಟಕರ ಹೆಸರಿದೆ, ನೀರಿಲ್ಲ. ಶೌಚಾಲಯಕ್ಕೆ ಬೀಗ. ಕೀಲಿ ಯಾರ ಹತ್ತಿರ ಅಂದರೆ ಊಟಕ್ಕೆ ಹೋದವರ ಹತ್ತಿರ!

ಇನ್ನು ಯಂತ್ರದ ವಿಷಯ. ಅದರ ಮುಂದೆ ಇಟ್ಟಿರುವ ಚೀಟಿಯಲ್ಲಿ 'ಹಿತ್ತಾಳೆ ತಟ್ಟೆ, ಪುರಾತನ' ಅಂತ ಬರೆದಿದೆ. ಸ್ವಾಮಿ, ಅದು ಊಟ ಬಡಿಸುವ ತಟ್ಟೆಯಲ್ಲ! ಅದು ಅಸ್ಟ್ರೋಲೇಬ್, ನಕ್ಷತ್ರದ ಎತ್ತರ ಅಳೆದು ಹೊತ್ತು ತಿಳಿಯುವ ಯಂತ್ರ. ನಮ್ಮ ಹಳೆಯ ಜ್ಯೋತಿಷಿಗಳು ಯಂತ್ರರಾಜ ಅಂತ ಕರೆಯುತ್ತಿದ್ದ ವಸ್ತು. ಮಹೇಂದ್ರ ಸೂರಿ ಎಂಬ ಜೈನ ಪಂಡಿತರು 1370ರಲ್ಲೇ ಇದರ ಬಗ್ಗೆ ಸಂಸ್ಕೃತದಲ್ಲಿ ಗ್ರಂಥ ಬರೆದಿದ್ದಾರೆ. ಮೇಲಿನ ಬಳೆ ಹಿಡಿದು ತೂಗುಬಿಟ್ಟು, ಹಿಂದಿನ ಪಟ್ಟಿಯ ಎರಡು ತೂತುಗಳಲ್ಲಿ ನಕ್ಷತ್ರವನ್ನು ಹಿಡಿದರೆ ಅದು ಎಷ್ಟು ಡಿಗ್ರಿ ಮೇಲಿದೆ ಅಂತ ಅಂಚಿನ ಗೆರೆ ಹೇಳುತ್ತದೆ. ಅದರಿಂದ ಹೊತ್ತು ಎಷ್ಟಾಯಿತು ಎಂದು ತಿಳಿಯುತ್ತದೆ. ಒಳಗೆ ಒಂದೊಂದು ಅಕ್ಷಾಂಶಕ್ಕೆ ಒಂದೊಂದು ಬಿಲ್ಲೆ. ದೆಹಲಿಯ ಬಿಲ್ಲೆ ಬೀದರ್‌ಗೆ ನಡೆಯುವುದಿಲ್ಲ, ನಮ್ಮದು ಸುಮಾರು 18 ಡಿಗ್ರಿ. ಅಂದರೆ ಅದರ ಜೀವವೆಲ್ಲ ಇರುವುದು ಕೂದಲೆಳೆಯಂಥ ಆ ಗೆರೆಗಳಲ್ಲಿ.

ಆ ಗೆರೆಗಳೇ ಈಗ ಸವೆದಿವೆ. ಗಾಜಿಗೆ ಮೂಗು ಹಚ್ಚಿ ನೋಡಿದೆ. ಮೇಲಿನ ಜಾಲರಿಯಲ್ಲಿ ಎಲೆಯಾಕಾರದ ಮುಳ್ಳುಗಳಿವೆ, ಒಂದೊಂದರ ತುದಿ ಒಂದೊಂದು ನಕ್ಷತ್ರ. ಅದರಲ್ಲಿ ಒಂದು ಮುಳ್ಳು ಬಾಗಿದೆ. ಹೂಬಳ್ಳಿ ಕೊರೆದ ತಲೆಯ ಸಂದುಗಳಲ್ಲಿ ತಿಕ್ಕಿದ ಪುಡಿ ಹಾಗೇ ಕೂತಿದೆ. ಅಂಚಿನಲ್ಲಿ ಅಲ್ಲಲ್ಲಿ ಕೆಂಪು ಕಲೆ. ಕಾವಲುಗಾರನನ್ನು ಕೇಳಿದರೆ, 'ಬಂಗಾರದಂಗ ಹೊಳಿಲಾಕತ್ತದಲ್ರಿ ಸರ್, ಮತ್ತೇನ್ ಬೇಕ್ರಿ?' ಅಂದ. ಪಾಪ, ಅವನ ತಪ್ಪಲ್ಲ.

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವು. ಹುಳಿ, ಉಪ್ಪು ಸೇರಿದರೆ ಸತುವು ಮೊದಲು ಕರಗಿ ಹೋಗುತ್ತದೆ, ತಾಮ್ರ ಉಳಿಯುತ್ತದೆ. ಕೆಂಪು ಕಲೆ ಅಂದರೆ ಅದೇ. ಇಟ್ಟಿಗೆ ಪುಡಿ ಉಳಿದದ್ದನ್ನು ಕೆರೆಯುತ್ತದೆ. ನೂರಾರು ವರ್ಷದಿಂದ ಮೇಲೆ ಕಟ್ಟಿದ್ದ ಕಂದು ಪದರ ಕೊಳೆಯಲ್ಲ, ಒಳಗಿನ ಲೋಹಕ್ಕೆ ಅದೇ ಕಾವಲು. ಇದನ್ನು ಹೇಳಲು ವಿಜ್ಞಾನಿಯೇ ಬೇಕಿರಲಿಲ್ಲ, ನಮ್ಮ ಬಿದ್ರಿ ಕೆಲಸದವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೋಟೆಯ ಮಣ್ಣಿಗೆ ನವಸಾಗರ ಎಂಬ ಲವಣ ಸೇರಿಸಿ ಕುದಿಸಿ ಲೋಹಕ್ಕೆ ಕಪ್ಪು ಬಣ್ಣ ತರುವವರು ಅವರು. ಆ ಕಪ್ಪನ್ನೂ ಕೊಳೆ ಅಂತ ತಿಕ್ಕಿಬಿಡುತ್ತಾರೋ ಏನೋ, ಈಗ ಅದೇ ಭಯ. ಲಖನೌದಲ್ಲಿ ಇಂಥ ವಸ್ತುಗಳ ಸಂರಕ್ಷಣೆಗೆಂದೇ ಕೇಂದ್ರ ಸರ್ಕಾರದ ಪ್ರಯೋಗಾಲಯವಿದೆ. ಒಂದು ಫೋನ್ ಮಾಡಲು ಏನು ಧಾಡಿ?

ಇಂಥ ಯಂತ್ರಗಳ ಹಿಂಭಾಗದಲ್ಲಿ ಮಾಡಿದವನ ಹೆಸರು, ಇಸವಿ ಕೊರೆದಿರುವುದುಂಟು. ಲಾಹೋರಿನ ಅಲ್ಲಾಹ್‌ದಾದ್ ಮನೆತನದವರು ತಲೆತಲಾಂತರ ಹೀಗೆ ಸಹಿ ಹಾಕಿದ್ದಾರೆ. ಇದರ ಹಿಂಭಾಗವನ್ನೂ ತಿಕ್ಕಿದ್ದಾರಾ? ತೋರಿಸಿ ಅಂದರೆ 'ಸಾಹೇಬರ ಪರ್ಮಿಷನ್ ಬೇಕು'. ಸಾಹೇಬರೆಲ್ಲಿ? ಮೀಟಿಂಗ್‌ನಲ್ಲಿ. ನಾನು ಕಂಡ ಹಾಗೆ ಈ ಭಾಗದ ಸಾಹೇಬರುಗಳು ಒಂದೋ ಮೀಟಿಂಗ್‌ನಲ್ಲಿರುತ್ತಾರೆ, ಇಲ್ಲವೇ ಬೆಂಗಳೂರಿಗೆ ವರ್ಗ ಮಾಡಿಸಿಕೊಳ್ಳುವ ಓಡಾಟದಲ್ಲಿರುತ್ತಾರೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಹೈದರಾಬಾದ್ ಕರ್ನಾಟಕ ಹೋಗಿ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಹೆಸರಿನಲ್ಲಿ ಆದ ಕಲ್ಯಾಣ ಬೋರ್ಡಿನವರೆಗೂ ಬಂದಿಲ್ಲ. ನಮ್ಮ ಓಣಿಯ ಚರಂಡಿಗೆ ಕೊಟ್ಟ ಅರ್ಜಿ ಏನಾಯಿತು ಅಂತ ಇಲ್ಲಿ ಕೇಳುವುದು ಸರಿಯಲ್ಲ, ಆದರೂ ಕೇಳುತ್ತೇನೆ. ಏನಾಯಿತು? ಹಿತ್ತಾಳೆ ತಿಕ್ಕಲು ಒಂದೇ ದಿನದಲ್ಲಿ ಆಳು ಸಿಗುತ್ತಾರೆ, ಚರಂಡಿ ಬಳಿಯಲು ಸಿಗುವುದಿಲ್ಲ, ಅಲ್ವಾ?

ನಮ್ಮ ಭಾಗವನ್ನು ಆಳಿದ ಸುಲ್ತಾನ ಫಿರೋಜ್ ಷಾ ಬಹಮನಿ 1407ರಲ್ಲಿ ದೌಲತಾಬಾದಿನ ಹತ್ತಿರ ನಕ್ಷತ್ರ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದ. ಅದರ ಹೊಣೆ ಹೊತ್ತ ಪಂಡಿತ ತೀರಿಕೊಂಡು ಕೆಲಸ ನಿಂತಿತು ಅನ್ನುತ್ತದೆ ಇತಿಹಾಸ. ಆಗ ತಿಳಿದವರು ಇಲ್ಲದೆ ಕೆಲಸ ನಿಂತಿತು. ಈಗ ತಿಳಿಯದವರಿಂದಲೇ ಕೆಲಸ ಭರ್ಜರಿಯಾಗಿ ನಡೆದಿದೆ.

ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ಬೇಡ, ಕೈಗೊಳ್ಳುವುದೇ ಬೇಡ, ಇವರ ಕ್ರಮ ನೋಡಿದ್ದಾಯಿತು. ಯಾವ ವಸ್ತುವನ್ನೂ ಮುಟ್ಟದೆ ಸುಮ್ನೆ ಕುರ್ಚಿಯಲ್ಲಿ ಕೂತು ಸಂಬಳ ತಗೊಂಡರೆ ಅದೇ ದೊಡ್ಡ ಉಪಕಾರ. ತಿಕ್ಕಿಸಿದವರು ಯಾರು ಅಂತ ತನಿಖೆಯೂ ಆಗಲಿ. ಶೌಚಾಲಯದ ಬೀಗವನ್ನೂ ತೆಗೆಯಲಿ. ನೀವೂ ಅಷ್ಟೇ, ಮುಂದಿನ ಸಲ ಇಂಥ ಸುದ್ದಿ ಹಾಕುವ ಮುಂಚೆ ಸ್ವಲ್ಪ ವಿಚಾರಿಸಿ ಹಾಕಿ.

ನಿವೃತ್ತ ವಿಜ್ಞಾನ ಶಿಕ್ಷಕ, ಬೀದರ್