ಬೆಳಿಗ್ಗೆ ಏಳಲು ಮನಸ್ಸೇ ಇಲ್ಲ ಅಂದ ಗೆಳೆಯನಿಗೆ

ಪ್ರಿಯ ರಾಘು,

ನಿನ್ನ ವಾಟ್ಸಪ್ ಮೆಸೇಜು ಓದಿದೆ. ಎರಡು ಸಾಲು ಬರೆದು ಕೈ ತೊಳೆದುಕೊಳ್ಳುವ ವಿಷಯ ಅಲ್ಲ ಅನ್ನಿಸಿತು, ಅದಕ್ಕೇ ಈ ಪತ್ರ. ಊರು ಬಿಟ್ಟು ಈ ಮುಂಬಯಿ ಕಡೆ ಬಂದು ಬೆಳಿಗ್ಗೆ ಬೆಳಿಗ್ಗೆ ಮಂಕಾಗಿ ಕೂರುವವರು ನೀನೊಬ್ಬನೇ ಅಲ್ಲ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನೀನು ಒಪ್ಪಿದ್ದಕ್ಕೇ ಹಾಕಿದ್ದು, ಆಮೇಲೆ ಬೈಯಬೇಡ ಮಾರಾಯ.

"ಕಣ್ಣು ಬಿಟ್ಟ ಕೂಡಲೇ ಬೇಜಾರು, ಹನ್ನೊಂದು ಗಂಟೆ ಹೊತ್ತಿಗೆ ಸರಿಯಾಗುತ್ತದೆ" ಅಂತ ಬರೆದಿದ್ದೀಯ. ಜೊತೆಗೆ ಯಾವುದೋ ವಿಡಿಯೋದಲ್ಲಿ ಸಿಕ್ಕ ಪಟ್ಟಿ ಬೇರೆ. ಐದಕ್ಕೆ ಏಳುವುದು, ತಣ್ಣೀರು ಸ್ನಾನ, ಧ್ಯಾನ, ಡೈರಿ, ಸೂರ್ಯ ನಮಸ್ಕಾರ, ಲಿಂಬೆ ನೀರು. ಇದನ್ನು ಬರೆದವನು ಒಂದು ದಿನವಾದರೂ ಡೊಂಬಿವಲಿಯಿಂದ ಲೋಕಲ್ ರೈಲು ಹತ್ತಿದ್ದಾನಾ? ಬಾಗಿಲ ಕಂಬಿ ಹಿಡಿದು ನೇತಾಡುವವನಿಗೆ ಲಿಂಬೆ ನೀರು ಕುಡಿಸಿ ಏನಾಗಬೇಕು? ಮೊದಲು ಆ ಪಟ್ಟಿ ಡಿಲೀಟ್ ಮಾಡು.

ಐದು ಗಂಟೆಯ ಮಾತು ಬಂತಲ್ಲ, ಒಂದು ಲೆಕ್ಕ ಹೇಳುತ್ತೇನೆ. ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಪ್ರಕಾರ, ಅಂದರೆ ಅಲಹಾಬಾದಿನ ಆಸುಪಾಸು. ಮುಂಬಯಿ ಅಲ್ಲಿಂದ ಎಷ್ಟೋ ಪಶ್ಚಿಮಕ್ಕಿದೆ. ಸೂರ್ಯನ ಲೆಕ್ಕದಲ್ಲಿ ಇಲ್ಲಿಯ ಸಮಯ 39 ನಿಮಿಷ ಹಿಂದೆ. 1906ರಲ್ಲಿ ಬ್ರಿಟಿಷರು ಇಡೀ ದೇಶಕ್ಕೆ ಒಂದೇ ಸಮಯ ತಂದಾಗ ಇಲ್ಲಿಯ ಗಿರಣಿ ಕೆಲಸಗಾರರು ರೇಗಿಬಿದ್ದಿದ್ದರು. ಗಡಿಯಾರ ಮುಂದೆ ತಿರುಗಿಸಿದರೆ ಅಷ್ಟು ಬೇಗ ಗಿರಣಿ ಗೇಟಿನ ಮುಂದೆ ನಿಲ್ಲಬೇಕಾದವರು ಅವರೇ ಅಲ್ವಾ? 'ಬಾಂಬೆ ಟೈಮ್' ಎನ್ನುವ ಬೇರೆ ಸಮಯ 1955ರ ತನಕ ಈ ಊರಲ್ಲಿ ಅಲ್ಲಲ್ಲಿ ಬಳಕೆಯಲ್ಲಿತ್ತು. ನೀನು ಐದಕ್ಕೆ ಅಲಾರಂ ಇಟ್ಟರೆ ನಿನ್ನ ಮೈಗೆ ಅದು ನಾಲ್ಕು ಇಪ್ಪತ್ತೊಂದು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಏಳೂ ಕಾಲರ ಸುಮಾರಿಗೆ. ಎರಡು ಗಂಟೆ ಕತ್ತಲಲ್ಲಿ ಕೂತು ಡೈರಿ ಬರೆದರೆ ಖುಷಿ ಎಲ್ಲಿಂದ ಬರಬೇಕು? ಅದೂ ರಾತ್ರಿ ಹನ್ನೆರಡಕ್ಕೆ ಮಲಗಿದವನಿಗೆ.

ಹಾಗಾದರೆ ಏನು ಮಾಡಬೇಕು ಅಂತೀಯ. ನನ್ನ ಕೇಳಿದರೆ ಒಂದೇ: ಎದ್ದ ಮೇಲೆ ಆದಷ್ಟು ಬೇಗ ಹೊರಗಿನ ಬೆಳಕಿಗೆ ಹೋಗು. ಉಳಿದದ್ದೆಲ್ಲ ಆಮೇಲೆ.

ಬೆಳಕಿಗೆ ಯಾಕಿಷ್ಟು ಮಹತ್ವ ಅಂದರೆ, ನಮ್ಮ ತಲೆಯೊಳಗೆ ಒಂದು ಗಡಿಯಾರ ಇದೆ. ಅದರ ದಿನ ಹೆಚ್ಚಿನವರಲ್ಲಿ 24 ಗಂಟೆಗಿಂತ ಸ್ವಲ್ಪ ಉದ್ದ. ಬಿಟ್ಟರೆ ದಿನಾ ಚೂರು ಚೂರೇ ಹಿಂದೆ ಬೀಳುತ್ತದೆ. ಅದನ್ನು ಸರಿ ಮಾಡುವುದು ಬೆಳಗಿನ ಬೆಳಕು. ಈ ಗಡಿಯಾರ ಜೀವಕೋಶದ ಒಳಗೆ ಹೇಗೆ ಓಡುತ್ತದೆ ಎಂದು ತೋರಿಸಿಕೊಟ್ಟದ್ದಕ್ಕೆ 2017ರಲ್ಲಿ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಷ್, ಮೈಕೆಲ್ ಯಂಗ್ ಎಂಬ ಮೂವರಿಗೆ ನೊಬೆಲ್ ಬಂತು. ಅವರು ಹೆಚ್ಚಾಗಿ ನೋಡಿದ್ದು ಹಣ್ಣಿನ ನೊಣಗಳನ್ನು. ನಮ್ಮ ಕಣ್ಣಿನಲ್ಲಿ ಚಿತ್ರ ನೋಡುವ ಕೋಶಗಳಲ್ಲದೆ ಬೇರೆ ಒಂದು ಬಗೆಯ ಕೋಶಗಳಿವೆ. ಅವುಗಳ ಮುಖ್ಯ ಕೆಲಸವೇ ಹೊರಗೆ ಬೆಳಕು ಎಷ್ಟಿದೆ ಅಂತ ಮಿದುಳಿಗೆ ವರದಿ ಕೊಡುವುದು. ವರದಿ ಸಿಕ್ಕಿದರೆ ನಿದ್ದೆಯ ಹಾರ್ಮೋನು ಮೆಲಟೋನಿನ್ ಇಳಿಯುತ್ತದೆ. ಅಷ್ಟೇ ಅಲ್ಲ, ರಾತ್ರಿ ಅದು ಯಾವಾಗ ಏರಬೇಕು ಅನ್ನುವುದೂ ಬೆಳಿಗ್ಗೆಯೇ ತೀರ್ಮಾನ ಆಗುತ್ತದೆ. ಬೆಳಿಗ್ಗೆ ಬೆಳಕು ಕಂಡವನಿಗೆ ರಾತ್ರಿ ನಿದ್ದೆ ಬೇಗ. ಬೇಗ ಮಲಗಿದವನಿಗೆ ಮರುದಿನ ಏಳುವುದು ಸಲೀಸು.

"ಮನೆಯಲ್ಲಿ ಲೈಟ್ ಹಾಕುತ್ತೇನಲ್ಲ" ಅನ್ನಬೇಡ. ಟ್ಯೂಬ್‌ಲೈಟ್ ಇರುವ ಕೋಣೆಯಲ್ಲಿ ಬೆಳಕು ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು (ಲಕ್ಸ್ ಅಂದರೆ ಬೆಳಕಿನ ಅಳತೆ). ಹೊರಗೆ ಮೋಡ ಕವಿದ ಹಗಲಲ್ಲೂ ಅದು ಸಾವಿರಗಳಲ್ಲಿ ಇರುತ್ತದೆ. ನೆತ್ತಿ ಮೇಲಿನ ಬಿಸಿಲಾದರೆ ಲಕ್ಷದ ಹತ್ತಿರ. ನಮ್ಮ ಕಣ್ಣು ಬೆಳಕಿಗೆ ತಕ್ಕಂತೆ ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ನಮಗೆ ಗೊತ್ತೇ ಆಗುವುದಿಲ್ಲ. ನಿನ್ನ ಮನೆ ನೋಡಿದ್ದೇನೆ. ಮಲಗುವ ಕೋಣೆಯ ಕಿಟಕಿ ತೆಗೆದರೆ ಪಕ್ಕದ ಬಿಲ್ಡಿಂಗಿನ ಗೋಡೆ, ಅದರ ಮೇಲೆ ಪಾಚಿ, ಪಾಚಿಯ ಮೇಲೆ ಯಾರದ್ದೋ ಎಸಿಯ ನೀರು ತೊಟ್ಟಿಕ್ಕುತ್ತಿರುತ್ತದೆ. ಊರಲ್ಲಿ ಹಾಗಿರಲಿಲ್ಲ. ಹಲ್ಲುಜ್ಜಲು ಬಚ್ಚಲ ಕಡೆ ಹೋಗುವಾಗ, ಅಂಗಳದಲ್ಲಿ ಅಡಿಕೆ ತಿರುವಿ ಹಾಕುವಾಗ ಬೆಳಕು ಮೈಮೇಲೆ ತಾನಾಗಿ ಬೀಳುತ್ತಿತ್ತು. ಇಲ್ಲಿ ಅದನ್ನು ಹುಡುಕಿಕೊಂಡು ಕೆಳಗಿಳಿಯಬೇಕು.

ಅದಕ್ಕೆ ಬೇರೆ ಸಮಯ ಹೊಂದಿಸಬೇಡ. ಹೊಂದಿಸಲು ನಿನ್ನ ಹತ್ತಿರ ಸಮಯವೂ ಇಲ್ಲ. ಈಗಾಗಲೇ ದಿನಾ ಆಗುವ ಒಂದು ಕೆಲಸಕ್ಕೆ ಗಂಟು ಹಾಕು. ನಿಮ್ಮಲ್ಲಿ ಬೆಳಿಗ್ಗೆ ನಲ್ಲಿ ನೀರು ಬರುತ್ತದಲ್ಲ? ಮೊದಲು ಬರೀ ಗಾಳಿ, ನಲ್ಲಿ ನಾಲ್ಕು ಸಲ ಕೆಮ್ಮಿ ಕಂದು ನೀರು ಉಗುಳಿ ಆಮೇಲೆ ಸರಿಯಾಗುತ್ತದೆ. ಆ ಸದ್ದಿಗೆ ನೀನು ಹೇಗೂ ಏಳುತ್ತೀಯ. ಡ್ರಮ್ಮು ತುಂಬಿತು, ನಲ್ಲಿ ತಿರುಗಿಸಿದೆ, ಚಪ್ಪಲಿ ಮೆಟ್ಟಿ ಕೆಳಗಿಳಿದೆ. ಅಷ್ಟೇ. ಹಾಲಿನ ಪ್ಯಾಕೆಟ್ ತರುವ ನೆಪ ಇಟ್ಟುಕೋ, ಹೆಂಡತಿಗೂ ಖುಷಿ. 'ನಾಳೆಯಿಂದ ವಾಕಿಂಗ್ ಹೋಗುತ್ತೇನೆ' ಅನ್ನುವವರಿಗಿಂತ 'ಇದಾದ ಕೂಡಲೇ ಇದು' ಅಂತ ಮೊದಲೇ ಗೊತ್ತು ಮಾಡಿಕೊಂಡವರು ಮಾತು ಉಳಿಸಿಕೊಳ್ಳುವುದು ಜಾಸ್ತಿ. ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ ಇದರ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಆಮೇಲೆ ಸ್ಟೇಷನ್ನಿಗೆ ಶೇರ್ ರಿಕ್ಷಾ ಬಿಟ್ಟು ನಡೆದು ಹೋಗು. ನಿನ್ನ ಮನೆಯಿಂದ ಕಾಲು ಗಂಟೆ ದಾರಿ. ಪ್ಲಾಟ್‌ಫಾರ್ಮಿನ ಮೇಲೆ ಛಾವಣಿ ಮುಗಿದು ಆಕಾಶ ಕಾಣುವ ತುದಿ ಇದ್ದರೆ ಅಲ್ಲಿ ನಿಲ್ಲು. ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡೇ ನಡೆ. ಕರಿಮೋಡದ ಮುಂಬಯಿ ಕೂಡ ನಿನ್ನ ಕೋಣೆಗಿಂತ ಬೆಳಕಾಗಿರುತ್ತದೆ. ಸೂರ್ಯನನ್ನೇ ದಿಟ್ಟಿಸಿ ನೋಡಬೇಡ ಮತ್ತೆ, ಅದು ಕಣ್ಣಿಗೆ ಕೆಟ್ಟದ್ದು.

ಇನ್ನು ಮೊಬೈಲು. ಇದರ ಬಗ್ಗೆ ಎಲ್ಲರೂ ಉಪದೇಶ ಮಾಡುತ್ತಾರೆ, ನಾನು ಜಾಸ್ತಿ ಹೇಳುವುದಿಲ್ಲ. ಎದ್ದ ಮೇಲೆ ಅರ್ಧ ಗಂಟೆ ಮಿದುಳು ಪೂರ್ತಿ ಎಚ್ಚರ ಆಗಿರುವುದಿಲ್ಲ, ಮಂಪರು ಇರುತ್ತದೆ. ಅದೇ ಹೊತ್ತಿಗೆ ಕಾರ್ಟಿಸೋಲ್ ಎನ್ನುವ ಹಾರ್ಮೋನು ಏರುತ್ತ ಮೈಯನ್ನು ಎಬ್ಬಿಸುತ್ತಿರುತ್ತದೆ. ಆ ಅರ್ಧ ಗಂಟೆಯಲ್ಲಿ ಆಫೀಸಿನ ಮೇಲ್ ಓದಬೇಡ. ನಿನ್ನ ಬದುಕಿನ ಬಗ್ಗೆ ತೀರ್ಪು ಕೊಡಲೂಬೇಡ. 'ಯಾಕಾದರೂ ಈ ಊರಿಗೆ ಬಂದೆನೋ' ಅನ್ನುವ ಪ್ರಶ್ನೆ ಬೇಕಾದರೆ ಮಧ್ಯಾಹ್ನ ಊಟ ಆದ ಮೇಲೆ ಕೇಳಿಕೋ, ಉತ್ತರ ಬೇರೆಯೇ ಬರುತ್ತದೆ. ಮನಸ್ಸು ಸರಿಯಾಗಲಿ, ಆಮೇಲೆ ಎದ್ದೇನು ಅಂತ ಕಾಯಲೂಬೇಡ. ಖಿನ್ನತೆಗೆ ಚಿಕಿತ್ಸೆ ಕೊಡುವವರು 1970ರ ದಶಕದಿಂದಲೇ ಈ ದಾರಿಯನ್ನು ತಿರುಗುಮುರುಗು ಮಾಡಿ ನೋಡಿದ್ದಾರೆ. ಮೊದಲು ಕೆಲಸ, ಮನಸ್ಸು ಹಿಂದಿನಿಂದ ಬರುತ್ತದೆ. ಅದು ಫಲ ಕೊಟ್ಟಿದೆ.

ರಾತ್ರಿಯದ್ದೂ ಸ್ವಲ್ಪ ನೋಡಿಕೋ. ಸಂಜೆ ಆರಕ್ಕೆ ಆಫೀಸಿನಲ್ಲಿ ಕಾಫಿ ಕುಡಿದರೆ ಅದರ ಕೆಫೀನಿನ ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಆ ಹೊತ್ತಿಗೆ ಏನಾದರೂ ಬಿಸಿ ಬೇಕೇ ಅಂದರೆ ಮನೆಗೆ ಬಂದು ಕೊತ್ತಂಬರಿ-ಜೀರಿಗೆ ಕಷಾಯ ಮಾಡಿಕೋ. ಮಲಗುವ ಮೊದಲು ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದಿಡು. ಬೆಳಿಗ್ಗೆ ಡಿಕಾಕ್ಷನ್ ತಯಾರು ಇದೆ ಅನ್ನುವುದೇ ಏಳಲು ಒಂದು ಕಾರಣ, ಸುಮ್ನೆ ಹೇಳುತ್ತಿಲ್ಲ. ತಿಂಡಿಗೆ ದೊಡ್ಡ ವ್ಯವಸ್ಥೆ ಬೇಡ, ಅವಲಕ್ಕಿಗೆ ಕಾಯಿತುರಿ ಬೆಲ್ಲ ಕಲಸಿದರೆ ಸಾಕು.

21 ದಿನ ಮಾಡಿದರೆ ಅಭ್ಯಾಸ ಆಗುತ್ತದಂತೆ, ಹೌದಾ ಅಂತ ಕೇಳಿದ್ದೀಯ. ಆ 21 ಬಂದದ್ದು 1960ರಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬರೆದ ಮಾತಿನಿಂದ. ಹೊಸ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕಡಿಮೆ ಅಂದರೂ ಅಷ್ಟು ದಿನ ಬೇಕು ಅಂದಿದ್ದರು ಅವರು. ಬಾಯಿಂದ ಬಾಯಿಗೆ ಹೋಗುತ್ತ 'ಕಡಿಮೆ ಅಂದರೂ' ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ನೋಡಿ 2009ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸುಮಾರು 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254 ದಿನದ ತನಕ. ನನಗೆ ಹಿಡಿಸಿದ್ದು ಅದರ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ. ಹಾಗಾಗಿ ಸೋಮವಾರ ತಪ್ಪಿತು ಅಂತ ಮುಂದಿನ ಸೋಮವಾರದ ತನಕ ಕಾಯಬೇಡ.

ಇಷ್ಟೆಲ್ಲ ಹೇಳಿ ನಿನಗೆ ಅಂತಲೇ ಇಟ್ಟುಕೊಂಡ ಒಂದು ವಿಷಯ ಇದೆ. ಸೆಂಟ್ರಲ್ ಲೈನಿನ ಲೋಕಲುಗಳಲ್ಲಿ ಭಜನೆಯ ಗುಂಪುಗಳಿರುವುದು ಗೊತ್ತಾ? ದಿನಾ ಅದೇ ಗಾಡಿ, ಅದೇ ಡಬ್ಬ, ಅಂದರೆ ಬೋಗಿ. ಒಬ್ಬ ಬ್ಯಾಗಿನಿಂದ ತಾಳ ತೆಗೆಯುತ್ತಾನೆ, ಮತ್ತೊಬ್ಬ ಡಬ್ಬದ ತಗಡಿಗೆ ಬಡಿದು ಮೃದಂಗದ ಕೆಲಸ ಮುಗಿಸುತ್ತಾನೆ. ಶುರು ಮಾಡಿದವನು ಸಾಲು ಹೇಳುವುದೇ ತಡ, ಟಿಫಿನ್ ಬ್ಯಾಗು ಎದೆಗೆ ಒತ್ತಿಕೊಂಡು ನಿಂತ ಇಪ್ಪತ್ತು ಜನ ಒಟ್ಟಿಗೆ ಎತ್ತಿಕೊಳ್ಳುತ್ತಾರೆ. ಹೆಚ್ಚಿನವು ಮರಾಠಿ ಅಭಂಗಗಳು, ಅಂದರೆ ವಿಠಲನ ಮೇಲಿನ ಭಕ್ತಿಪದಗಳು. ಬೆಳಗಿನ ನಿದ್ದೆ ಹಾಳು ಅಂತ ಗೊಣಗುವವರೂ ಇದ್ದಾರೆ, ಅವರದ್ದೂ ತಪ್ಪಲ್ಲ. ಆದರೆ ನೀನು ಊರಿನ ಭಜನಾ ಮಂದಿರದಲ್ಲಿ ಶನಿವಾರ ಶನಿವಾರ ತಾಳ ಹಾಕಿದವನು. ನಿನಗೆ ವಿಠಲ ಹೊಸಬನಲ್ಲ. ಉಡುಪಿಯವನು ದಾಸರ ಪದ ಹಾಡುತ್ತೇನೆ ಅಂದರೆ ಬೇಡ ಅನ್ನುವವರು ಆ ಡಬ್ಬದಲ್ಲಿ ಸಿಗಲಿಕ್ಕಿಲ್ಲ. ಹೋಗಿ ಪಕ್ಕದಲ್ಲಿ ನಿಲ್ಲು, ಒಂದು ವಾರ ಬರೀ ಚಪ್ಪಾಳೆ ತಟ್ಟು. ಮನೆಯಲ್ಲಿ ಒಬ್ಬನೇ ಕಣ್ಣು ಮುಚ್ಚಿ ಧ್ಯಾನ ಮಾಡುವುದಕ್ಕಿಂತ ನಿನಗೆ ಇದೇ ಹೊಂದುತ್ತದೆ. ನೀನು ಒಂದು ದಿನ ಕಾಣದಿದ್ದರೆ ಕೇಳುವವರು ಈ ಊರಲ್ಲಿ ಇರಬೇಕು ರಾಘು. ನಿನ್ನ ಬೇಜಾರಿನಲ್ಲಿ ಅರ್ಧ ಪಾಲು ಅದೇ ಅಂತ ನನ್ನ ಅಂದಾಜು.

ಅರ್ಧ ಪಾಲು ಅಂದೆ, ಪೂರ್ತಿ ಅಂದಿಲ್ಲ. ರಕ್ತ ಪರೀಕ್ಷೆ ಮಾಡಿಸು. ಥೈರಾಯ್ಡ್ ಕಡಿಮೆಯಾದರೆ, ಬಿ12 ಅಥವಾ ಹಿಮೋಗ್ಲೋಬಿನ್ ಇಳಿದರೆ ಇದೇ ಥರ ಸುಸ್ತು ಬರುತ್ತದೆ, ಅದಕ್ಕೆ ಭಜನೆ ಮದ್ದಲ್ಲ. ಬೆಳಿಗ್ಗೆ ಜಾಸ್ತಿ, ಹೊತ್ತು ಏರಿದಂತೆ ಕಡಿಮೆ ಆಗುವ ಬೇಜಾರು ಖಿನ್ನತೆಯ ಲಕ್ಷಣವೂ ಇರಬಹುದು. ಎರಡು ವಾರ ಕಳೆದರೂ ಹೀಗೆಯೇ ಇದ್ದು ಊಟ ಸೇರದೆ, ಯಾವುದರಲ್ಲೂ ಆಸಕ್ತಿ ಇಲ್ಲ ಅಂತಾದರೆ ಡಾಕ್ಟರ ಹತ್ತಿರ ಹೋಗು. ಸಯನ್, ಕೆಇಎಮ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ, ನಾನೂ ಜೊತೆಗೆ ಬರುತ್ತೇನೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಎನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಯವರು ಸಿಗುತ್ತಾರೆ. 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರು ಮಾಡಿದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಬದುಕೇ ಬೇಡ ಅನ್ನಿಸುವ ಯೋಚನೆ ಒಂದು ಸಲ ಬಂದರೂ ಎರಡು ವಾರ ಕಾಯಬೇಡ. ಅವರಿಗಾದರೂ ಮಾಡು, ನನಗಾದರೂ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ.

ಭಾನುವಾರ ಹತ್ತರ ತನಕ ಮಲಗುವ ಚಾಳಿ ಬಿಡು. ರಜೆಯ ದಿನ ತಡವಾಗಿ ಎದ್ದರೆ ತಲೆಯೊಳಗಿನ ಗಡಿಯಾರ ಮತ್ತೆ ಹಿಂದೆ ಹೋಗಿ ಸೋಮವಾರ ಇನ್ನೂ ಕಷ್ಟ. ಬದಲಿಗೆ ಈ ಭಾನುವಾರ ನಮ್ಮ ಕಡೆ ಬಾ. ಫೈವ್ ಗಾರ್ಡನ್ಸಿನಲ್ಲಿ ಒಂದು ಸುತ್ತು ನಡೆದು, ಮಾಟುಂಗದಲ್ಲಿ ಇಡ್ಲಿ ತಿಂದು, ಮಾರ್ಕೆಟ್ಟಿನಲ್ಲಿ ಬಾಳೆಲೆ ಕೊಂಡು ಮನೆಗೆ ಹೋಗೋಣ. ಮಧ್ಯಾಹ್ನದ ಊಟ ನಮ್ಮಲ್ಲೇ. ಸೆಂಟ್ರಲ್ ಲೈನಿನಲ್ಲಿ ಭಾನುವಾರ ಮೆಗಾಬ್ಲಾಕ್ (ಹಳಿ ರಿಪೇರಿಗೆ ಗಾಡಿ ನಿಲ್ಲಿಸುವುದು) ಇರುವುದು ನಿನಗೆ ಗೊತ್ತಿದೆ, ಹನ್ನೊಂದರ ಸುಮಾರಿಗೆ ಶುರು ಮಾಡುತ್ತಾರೆ. ಹಾಗಾಗಿ ಏಳರ ಒಳಗೆ ಗಾಡಿ ಹತ್ತು. ಹತ್ತಿದ ಮೇಲೆ ಮೆಸೇಜ್ ಹಾಕು, ನಾನು ಸ್ಟೇಷನ್ನಿಗೆ ಬರುತ್ತೇನೆ.

ನಿನ್ನ,
ವಡಾಲದ ಗೆಳೆಯ