ಆರೋಗ್ಯ ಸಚಿವರೇ, ನಮ್ಮ ಮಕ್ಕಳ ಗುಳ್ಳೆ ಯಾವ ವೈರಸ್‌ನದು ಅಂತ ಪತ್ತೆ ಮಾಡಿಸಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಹಳೇ ಹುಬ್ಬಳ್ಳಿಯ ಅಂಗನವಾಡಿ ಕಾರ್ಯಕರ್ತೆ. ಮಳೆಗಾಲ ಶುರುವಾದರೆ ಸಾಕು, ನಮ್ಮ ಮಕ್ಕಳಿಗೆ ಕೈ-ಕಾಲು-ಬಾಯಿ ರೋಗ ಹತ್ತಿಕೊಳ್ಳುತ್ತದೆ. ಮೊದಲು ಸಣ್ಣ ಜ್ವರ. ಆಮೇಲೆ ಅಂಗೈ, ಅಂಗಾಲಿನಲ್ಲಿ ಕೆಂಪು ಗುಳ್ಳೆ, ಬಾಯಿ ತುಂಬ ಹುಣ್ಣು. ಮೊಟ್ಟೆ ಅಂದರೆ ಓಡಿ ಬರುವ ಮಗು ಒಂದು ಚೂರು ಬಾಯಿಗಿಟ್ಟು ಉಗುಳಿ ಅಳುತ್ತದೆ. ನುಂಗಲಾಗದೆ ಜೊಲ್ಲು ಸುರಿಯುತ್ತಲೇ ಇರುತ್ತದೆ. ಕೆಲವು ಮನೆಗಳಲ್ಲಿ ‘ಅಮ್ಮ ಬಂದಾಳ’ ಅಂತ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಜಾಸ್ತಿ ಮಕ್ಕಳು ಏಳೆಂಟು ದಿನದಲ್ಲಿ ಹುಷಾರಾಗುತ್ತಾರೆ, ನಿಜ. ಆದರೆ ಅಷ್ಟೂ ದಿನ ತಾಯಿಯ ಕೂಲಿ ಹೋಯಿತು, ಅಲ್ವಾ?

ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇದಕ್ಕೆ ಏನೂ ಇಲ್ಲ. ಚೀನಾ 2015ರ ಕೊನೆಗೆ ಒಂದು ಲಸಿಕೆಗೆ ಒಪ್ಪಿಗೆ ಕೊಟ್ಟಿತು. ಅದು ತಡೆಯುವುದು ಈ ರೋಗ ತರುವ ವೈರಸ್‌ಗಳಲ್ಲಿ ಒಂದಾದ ಎಂಟೆರೊವೈರಸ್ 71 ಅನ್ನು. 1998ರಲ್ಲಿ ತೈವಾನ್‌ನಲ್ಲಿ 78 ಜೀವ ಹೋದದ್ದು ಆ ವೈರಸ್ ಹರಡಿದಾಗಲೇ. ಆದರೆ ಇದೇ ರೋಗ ತರುವ ಕಾಕ್ಸಾಕಿ ಎ16, ಎ6 ವೈರಸ್‌ಗಳ ಮುಂದೆ ಆ ಲಸಿಕೆ ನಡೆಯುವುದಿಲ್ಲ. ಅವನ್ನೂ ಸೇರಿಸಿದ ಲಸಿಕೆಗಳು ಇನ್ನೂ ಪ್ರಯೋಗದ ಹಂತದಲ್ಲಿವೆ.

ಹಾಗಾದರೆ ನಮ್ಮ ಓಣಿಯಲ್ಲಿ ತಿರುಗುತ್ತಿರುವುದು ಯಾವುದು? ಗುಳ್ಳೆ ನೋಡಿದರೇ ರೋಗ ಗೊತ್ತಾಗುತ್ತದೆ, ಹಾಗಾಗಿ ಗಂಟಲ ಸ್ವ್ಯಾಬ್ ಯಾರೂ ಕೇಳುವುದಿಲ್ಲ. ಪ್ಯಾರಾಸಿಟಮಾಲ್ ಸಿರಪ್ ಕೊಟ್ಟು ಕಳಿಸಿದರೆ ಮುಗಿಯಿತು. ಯಾವ ವೈರಸ್ ಅಂತಲೇ ಗೊತ್ತಿಲ್ಲದಿದ್ದರೆ, ನಾಳೆ ಬರುವ ಲಸಿಕೆ ನಮ್ಮ ಮಕ್ಕಳಿಗೆ ಆಗುತ್ತದೋ ಇಲ್ಲವೋ ಹೇಗೆ ಹೇಳುವುದು?

ರೋಟಾವೈರಸ್ ಭೇದಿಯ ವಿಷಯ ನೋಡಿ. ದೆಹಲಿಯ ಏಮ್ಸ್‌ನಲ್ಲಿ ಹಸುಗೂಸುಗಳ ಮಲದಲ್ಲಿ ಸಿಕ್ಕ ವೈರಸ್ ತಳಿಯಿಂದಲೇ ರೋಟಾವ್ಯಾಕ್ ಲಸಿಕೆ ತಯಾರಾಯಿತು, 2016ರಲ್ಲಿ ಸರ್ಕಾರಿ ಪಟ್ಟಿಗೆ ಸೇರಿತು. ಅಂದು ಯಾರೋ ಆ ಮಾದರಿಗಳನ್ನು ಜೋಪಾನವಾಗಿ ಎತ್ತಿಟ್ಟರು, ಪರೀಕ್ಷಿಸಿದರು.

ಕೋವಿಡ್ ಬಂದಾಗ ನಮ್ಮ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲೇ ಆರ್‌ಟಿಪಿಸಿಆರ್ ಪರೀಕ್ಷೆ ನಡೆಯಿತು. ಅದೇ ವ್ಯವಸ್ಥೆಯನ್ನು ಇದಕ್ಕೂ ಬಳಸಿ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಪ್ರತಿ ಮಳೆಗಾಲ ಸ್ವ್ಯಾಬ್ ತರಿಸಿ, ವೈರಸ್ ಯಾವುದೆಂದು ಪತ್ತೆ ಮಾಡಿಸಿ, ಪುಣೆಯ ವೈರಾಣು ಸಂಸ್ಥೆಗೂ ಲಸಿಕೆ ತಯಾರಿಸುವವರಿಗೂ ತಿಳಿಸಿ. ಮನೆಮನೆಗೆ ಹೋಗಿ ತಾಯಂದಿರಿಗೆ ವಿವರಿಸಲು ನಾವು ತಯಾರಿದ್ದೇವೆ.

ಇನ್ನೊಂದು ಮಾತು. ಮುಂದೆ ಲಸಿಕೆಯ ಪ್ರಯೋಗ ಇಲ್ಲಿಗೆ ಬಂದರೆ ಈಗಿನ ತೆಲಂಗಾಣದ ಖಮ್ಮಂ ನೆನಪಿರಲಿ. 2009ರಲ್ಲಿ ಅಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ ಎಷ್ಟೋ ಹುಡುಗಿಯರ ತಂದೆ-ತಾಯಿ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ಇಲ್ಲಿ ಒಪ್ಪಿಗೆ ಪತ್ರ ಸರಳ ಕನ್ನಡದಲ್ಲಿರಲಿ, ಹೆತ್ತವರೇ ಸಹಿ ಮಾಡಲಿ, ಬೇಡ ಅಂದವರನ್ನು ಬಿಟ್ಟುಬಿಡಿ. ನಮಗೆ ಟಾರ್ಗೆಟ್ ಮಾತ್ರ ಹಾಕಬೇಡಿ.

ಇಂತಿ,
ಒಬ್ಬ ಅಂಗನವಾಡಿ ಕಾರ್ಯಕರ್ತೆ, ಹಳೇ ಹುಬ್ಬಳ್ಳಿ